ಹಾಕೋದು, ತೆಗೆಯೋದು

ಆ ಬೆಳಗ್ಗೆ ಸೂರ್ಯ ಎದ್ದನೋ ಇಲ್ಲವೋ ಯಾರಿಗೂ ಗೊತ್ತಾಗಲಿಲ್ಲ. ಆಕಾಶಕ್ಕೆ ಯಾರೋ ಬೂದಿ ಬಳಿದಂತೆ ಮೋಡ ಕವಿದಿತ್ತು. ಮಳೆಯಿಲ್ಲ, ಗಾಳಿಯಿಲ್ಲ, ಬರೀ ಮಂಕು. ಎಂಟು ಗಂಟೆಯಾದರೂ ಕನ್ನಡಿಯಲ್ಲಿ ಮುಖ ಕಾಣದೆ ಪೇಂಟರ ಮನೆಯಲ್ಲಿ ಐದೂ ದೀಪ ಉರಿಯುತ್ತಿದ್ದವು. ಸರಿಯಾಗಿ ಅದೇ ಹೊತ್ತಿಗೆ ಬಾಗಿಲ ಸಂದಿಯಿಂದ ಕರೆಂಟು ಬಿಲ್ಲು ಒಳಗೆ ಜಾರಿ ಬಂತು.

ಅಂಗಡಿಗಳಿಗೆ ಬೋರ್ಡು ಬರೆಯುವ ಈ ಪೇಂಟರ ಕೈ ಎಷ್ಟು ನಿಧಾನವೋ ಬಾಯಿ ಅಷ್ಟೇ ಅವಸರದ್ದು. ಬೀದಿಯವರು ಅವರಿಗಿಟ್ಟ ಹೆಸರು ಕುಕ್ಕರ್. ಅವರು ಕೂಗಾಡಲು ಶುರುಮಾಡಿದರೆ ಅಕ್ಕಪಕ್ಕದವರು ಸೀಟಿ ಎಣಿಸುತ್ತಿದ್ದರು. ಬಿಲ್ಲು ನೋಡಿದ್ದೇ ಮೊದಲನೇ ಸೀಟಿ ಹೊಡೆಯಿತು.

"ಹೋದ ತಿಂಗಳಿನ ಎರಡರಷ್ಟು! ಇದೇನು ಮನೆನೋ ಸರ್ಕಸ್ ಡೇರೆನೋ?"

"ಕತ್ತಲಲ್ಲಿ ಬಾಚಣಿಗೆ ಅಂತ ಪೊರಕೆ ಹಿಡ್ಕೊಂಡು ತಲೆ ಬಾಚ್ಕೊಳ್ಲೇನ್ರೀ?" ಎಂದ ಹೆಂಡತಿ, ಮಾತು ಬೆಳೆಯುವ ಮೊದಲೇ ಚೀಲ ಹೆಗಲಿಗೇರಿಸಿ ಕೆಲಸಕ್ಕೆ ಹೊರಟುಬಿಟ್ಟಳು.

ಪೇಂಟರು ಸ್ನಾನ ಮುಗಿಸಿ, ಒದ್ದೆ ತಲೆಯಲ್ಲೇ ಮೆಟ್ಟಿಲ ಕೆಳಗಿನ ಮೀಟರಿನ ಮುಂದೆ ಹೋಗಿ ನಿಂತರು. ಮೇಲಿನ ಮನೆಯ ನಿವೃತ್ತ ಲೈನ್‌ಮನ್ ಅಲ್ಲೇ ಮೆಟ್ಟಿಲ ಮೇಲೆ ಕೂತು ಪೇಪರು ಓದುತ್ತಿದ್ದರು.

"ನೋಡಿ ಯಜಮಾನ್ರೇ, ನಮ್ಮ ಮೀಟರಿಗೆ ಕಾಲು ಬಂದಿದೆ! ಓಡ್ತಾ ಇದೆ!"

"ಮೀಟರು ತಾನಾಗೇ ಓಡಲ್ಲ ಪೇಂಟ್ರೇ. ಮನೇಲಿರೋರು ಓಡಿಸ್ತಾರೆ."

ಎರಡನೇ ಸೀಟಿ. "ನಮ್ಮನೆಯೋರು ಓಡಿಸ್ತಾರಾ? ಇವತ್ತು ಸಂಜೆ ಐದರೊಳಗೆ ಇದು ಎರಡು ಯೂನಿಟ್ ದಾಟಿದ್ರೆ ನನ್ನ ಏಣಿ ನಿಮಗೆ! ದಾಟ್ಲಿಲ್ಲ ಅಂದ್ರೆ ಈ ಬಿಲ್ಲು ನೀವು ಕಟ್ಬೇಕು!"

ಲೈನ್‌ಮನ್ ಕನ್ನಡಕ ತೆಗೆದರು. "ಏಣಿನಾ? ಆ ಹಸಿರು ಏಣಿನಾ?"

"ಮತ್ತೆ ಇನ್ಯಾವ್ದು? ನನ್ನ ಅನ್ನ ಅದು! ಅದನ್ನೇ ಪಣಕ್ಕಿಡ್ತಿದೀನಿ!"

"ಆಗ್ಲಿ," ಎಂದು ಅವರು ಸಣ್ಣಗೆ ನಕ್ಕು, ಮೀಟರಿನ ಅಂಕಿಯನ್ನು ಸೀಮೆಸುಣ್ಣದಲ್ಲಿ ಗೋಡೆಯ ಮೇಲೆ ಬರೆದರು. ಎದುರುಗಡೆ ಇಸ್ತ್ರಿ ಮಾಡುತ್ತಿದ್ದ ಅಕ್ಕ, "ನಾನು ಸಾಕ್ಷಿ!" ಎಂದು ಪೆಟ್ಟಿಗೆ ಎತ್ತಿ ತೋರಿಸಿದಳು.

ಏಣಿಯಿಲ್ಲದ ಬೋರ್ಡು ಪೇಂಟರನ್ನು ಯಾರು ಕರೆಯುತ್ತಾರೆ? ಹೊಸದು ಕೊಳ್ಳಲು ಕೈಯಲ್ಲಿ ಕಾಸಿಲ್ಲ. ಆದರೆ ಸಿಟ್ಟು ಬಂದಾಗ ಪೇಂಟರಿಗೆ ಲೆಕ್ಕ ಬರುತ್ತಿರಲಿಲ್ಲ. ಸಿಟ್ಟಿಗೂ ದೇವರು ಒಂದು ಮೀಟರು ಕೂಡಿಸಿದ್ದಿದ್ದರೆ, ಅವರು ಏಣಿಯಲ್ಲ, ಮನೆಯನ್ನೇ ಮಾರಬೇಕಾಗುತ್ತಿತ್ತು.

ಆ ದಿನದ ಕೆಲಸ ಔಷಧಿ ಅಂಗಡಿಯಲ್ಲಿ. ಗಾಜಿನ ಬಾಗಿಲ ಮೇಲಿನ ಹಲಗೆಯಲ್ಲಿ 'ಒಳಗೆ ಎಸಿ ಇದೆ, ದಯವಿಟ್ಟು ಬಾಗಿಲು ಹಾಕಿ' ಎಂದು ಬರೆಯಬೇಕಿತ್ತು. ಏಣಿಯೇರಿ 'ಬಾಗಿಲು' ಎಂಬಲ್ಲಿಗೆ ಬರುವಷ್ಟರಲ್ಲಿ ಥಟ್ಟನೆ ನೆನಪಾಯಿತು. ಗೀಸರು! ತಾವೇ ಸ್ನಾನ ಮಾಡಿ ಹಾಗೇ ಬಿಟ್ಟು ಬಂದಿದ್ದರು. ಏಣಿಯ ಮೇಲಿಂದಲೇ ಮನೆಗೆ ಫೋನು ಮಾಡಿದರು. ಮಗಳ ಮನೆಗೆಂದು ಬಂದಿದ್ದ ಅತ್ತೆ ಎತ್ತಿದರು. ಬಲು ಸಾಧು ಹೆಂಗಸು. ಅಳಿಯ ಏನಂದರೂ ಎದುರಾಡಿದವರಲ್ಲ.

"ಅತ್ತೇ, ಮೊದಲು ಆ ಗೀಸರ್ ತೆಗೀರಿ!"

"ತೆಗೀಬೇಕಾ ಅಳಿಯಂದ್ರೇ? ಈಗ್ಲೇ?"

"ಈಗಿಂದೀಗ್ಲೇ! ಹಾಗೇ ಫ್ರಿಜ್ಜನ್ನೂ ತೆಗೀರಿ. ಲೈಟು ಒಂದೂ ಹಾಕ್ಬೇಡಿ. ನಾನು ಬರೋ ತನಕ ಹಾಗೇ ಇರ್ಲಿ!"

"ಫ್ರಿಜ್ಜಲ್ಲಿರೋ ಹಾಲು ಕೆಡಲ್ವಾ?"

"ಕೆಟ್ರೆ ಕೆಡ್ಲಿ! ತೆಗೀರಿ ಅಂದ್ರೆ ತೆಗೀರಿ ಅಷ್ಟೇ!"

ಮೂರನೇ ಸೀಟಿಗೆ ಔಷಧಿ ಅಂಗಡಿಯವನೇ ಹೊರಗೆ ಬಂದ. ತಲೆಯೆತ್ತಿ ಓದಿದ. ಬಾಯಲ್ಲಿದ್ದದ್ದೇ ಕುಂಚಕ್ಕೆ ಇಳಿದು, 'ದಯವಿಟ್ಟು ಬಾಗಿಲು ತೆಗೆಯಿರಿ' ಎಂದು ಮುತ್ತಿನಂಥ ಅಕ್ಷರದಲ್ಲಿ ಮೂಡಿತ್ತು.

"ರೀ ಸ್ವಾಮಿ, ಬಾಗಿಲು ತೆಗೆದಿಟ್ಟು ಬೀದಿಗೆಲ್ಲ ಎಸಿ ಹಂಚ್ಲಾ ನಾನು? ಬರೋ ಬಿಲ್ಲು ನೀವು ಕಟ್ತೀರಾ?"

'ಬಿಲ್ಲು' ಎಂಬ ಮಾತು ಕಿವಿಗೆ ಬಿದ್ದದ್ದೇ ಪೇಂಟರು ರಪ್ಪನೆ ತಿರುಗಿದರು. ಏಣಿ ಜಾರಿತು. ಪೇಂಟರು ಗೋಣಿಚೀಲದ ಹಾಗೆ ಕೆಳಗಿಳಿದರು. ಏಣಿ ಮೆಟ್ಟಿಲ ಅಂಚಿಗೆ ಬಡಿದು, ಮೂರನೇ ಅಡ್ಡಪಟ್ಟಿಯ ಹಸಿರು ಬಣ್ಣ ಚಕ್ಕೆಯೆದ್ದು, ಅಡಿಯಿಂದ ತಾಮ್ರದ ತಂತಿ ಮಿಂಚಿತು.

"ಒಳಗೆ ಮುರಿದಿದ್ದಕ್ಕೆ ತಂತಿ ಸುತ್ತಿ, ಮೇಲೆ ಬಣ್ಣ ಬಳಿದಿದೀರಾ? ಭಲೇ!" ಎಂದ ಅಂಗಡಿಯವನು ಕೂಲಿ ಕೊಡದೆ ಒಳಗೆ ಹೋದ. ತಂತಿಯನ್ನು ನೋಡುವ ವ್ಯವಧಾನ ಪೇಂಟರಿಗಿರಲಿಲ್ಲ. ಹಲಗೆ ಒರೆಸಿ, ಮತ್ತೆ ಬರೆದು, ಅರ್ಧ ಕೂಲಿಗೆ ಜಗಳವಾಡುವಷ್ಟರಲ್ಲಿ ನಾಲ್ಕೂವರೆ. ಕುಂಟುತ್ತ ಏಣಿ ಹೊತ್ತು ಮನೆ ಕಡೆ ಹೊರಟರು. ಬಿಲ್ಲಾದರೂ ಉಳಿಯಿತಲ್ಲ ಎಂಬ ಒಂದೇ ಸಮಾಧಾನ.

ಮೀಟರಿನ ಮುಂದೆ ಬೀದಿಯೇ ನೆರೆದಿತ್ತು. ಲೈನ್‌ಮನ್ನರ ಕಿವಿಯ ಹಿಂದೆ ಸೋಪಿನ ನೊರೆ ಒಣಗಿ ಬೆಳ್ಳಗಾಗಿತ್ತು.

"ಮಧ್ಯಾಹ್ನದಿಂದ ಟ್ಯಾಂಕಲ್ಲಿ ನೀರು ನಿಲ್ತಿಲ್ಲ," ಎಂದಳು ಇಸ್ತ್ರಿ ಅಕ್ಕ. "ಎರಡು ಸಲ ಪಂಪು ಹಾಕಿದ್ವಿ. ಸ್ನಾನದ ಮಧ್ಯದಲ್ಲಿ ಯಜಮಾನ್ರಿಗೆ ನಲ್ಲಿ ಕೈ ಕೊಡ್ತು, ಪಾಪ."

ಪೇಂಟರು ಅದನ್ನು ಕೇಳಿಸಿಕೊಳ್ಳಲಿಲ್ಲ. ಮೀಟರಿನಲ್ಲಿ ಹದಿಮೂರು ಯೂನಿಟ್ ಏರಿತ್ತು.

"ಮೋಸ! ನನ್ನ ತಂತಿಗೆ ಯಾರೋ ಕೊಕ್ಕೆ ಹಾಕಿದೀರಿ! ಕಂಬ ಹತ್ತಿದ ಕೈಗೆ ಇದೇನು ಕಷ್ಟ?" ಎಂದು ಲೈನ್‌ಮನ್ನರ ಕಡೆ ಬೆರಳು ತೋರಿಸಿದರು. "ನಮ್ಮನೇಲಿ ಎಲ್ಲಾ ತೆಗೆದಿದೆ! ಬನ್ನಿ, ನೋಡ್ಬನ್ನಿ!"

ಎಲ್ಲರೂ ನುಗ್ಗಿದರು. ಎಲ್ಲವೂ ನಿಜವಾಗಿಯೂ ತೆಗೆದಿತ್ತು. ಬಚ್ಚಲಿನಲ್ಲಿ ಗೀಸರಿನ ನಲ್ಲಿ ತೆಗೆದು, ಬಿಸಿನೀರು ಹಬೆಯಾಡುತ್ತ ಹರಿಯುತ್ತಿತ್ತು. ಅಡುಗೆಮನೆಯಲ್ಲಿ ಫ್ರಿಜ್ಜು ಹಲ್ಲಿನ ಡಾಕ್ಟರ ಮುಂದೆ ಕೂತವರಂತೆ ಬಾಯಿ ತೆಗೆದು ನರಳುತ್ತಿತ್ತು. ಅದರೆದುರು, ಕತ್ತಲಲ್ಲಿ, ಅದರ ಸಣ್ಣ ಬಲ್ಬಿನ ಬೆಳಕಲ್ಲೇ, ಸ್ಟೂಲಿನ ಮೇಲೆ ಕಾವಲು ಕೂತಿದ್ದರು ಅತ್ತೆ.

"ಬಂದ್ರಾ ಅಳಿಯಂದ್ರೇ? ಹೇಳಿದಂಗೇ ತೆಗೆದಿದೀನಿ. ಈ ಬಾಗಿಲು ತಾನಾಗೇ ಹಾಕ್ಕೊಳ್ತಿತ್ತು, ಅದಕ್ಕೆ ನಿಮ್ಮ ಬಣ್ಣದ ಡಬ್ಬ ಒತ್ತಿಟ್ಟೆ. ಲೈಟು ಮಾತ್ರ ಒಂದೂ ಹಾಕಿಲ್ಲ, ದೇವರಾಣೆ."

"ತೆಗೀರಿ ಅಂದ್ರೆ... ಆಫ್ ಮಾಡಿ ಅಂತ ಅತ್ತೇ!"

"ಲೈಟಿಗಾದ್ರೆ ಹಂಗೆ. ಬಾಗಿಲು ತೆಗಿ, ನಲ್ಲಿ ತೆಗಿ ಅಂದ್ರೆ? ಕೇಳಿದೆನಲ್ಲ ನಾನು, ಹಾಲು ಕೆಡಲ್ವಾ ಅಂತ."

ಬೀದಿ ಮುಂದಿನ ಸೀಟಿಗೆ ಕಾಯಿತು. ಬರಲಿಲ್ಲ. ಔಷಧಿ ಅಂಗಡಿಯ ಹಲಗೆ ಪೇಂಟರ ಕಣ್ಣ ಮುಂದೆ ಬಂದು ನಿಂತಿತ್ತು.

ನಕ್ಕು ನಕ್ಕು ಸುಸ್ತಾದವರನ್ನೆಲ್ಲ ಲೈನ್‌ಮನ್ನರೇ ಹೊರಗೆ ಕಳಿಸಿದರು. "ಪಂದ್ಯ ಬಾಯಿಮಾತಿಂದು ಪೇಂಟ್ರೇ. ಏಣಿ ನಿಮ್ಮ ಅನ್ನ ಅಂದ್ರಲ್ಲ, ಇಟ್ಕೊಳ್ಳಿ," ಎಂದು ಮೆಟ್ಟಿಲು ಹತ್ತಿ ಹೋದರು.

ಉಳಿಯಿತು ಎಂದು ಪೇಂಟರು ಏಣಿಯನ್ನು ಒಳಗಿಡಲು ಎತ್ತಿದರು. ಹೆಬ್ಬೆರಳಿಗೆ ತಂತಿ ತಾಕಿತು. ಮೂರು ಬಿಗಿ ಸುತ್ತು. ಕೊನೆಯನ್ನು ಯಾರಿಗೂ ಚುಚ್ಚದಂತೆ ಒಳಕ್ಕೆ ಮಡಿಸಿದ ಅಚ್ಚುಕಟ್ಟು. ಇದು ಬಣ್ಣದ ಕೈಯ ಕೆಲಸವಲ್ಲ, ಕಂಬ ಹತ್ತಿದವರ ಕೈಯದು. ಆಗ ನೆನಪಾಯಿತು. ಮೂರು ವರ್ಷದ ಹಿಂದೆ ಈ ಮನೆಗೆ ಬಂದ ದಿನ, ಹೊರಗಿನ ಬಲ್ಬು ಹಾಕಲೆಂದು ಮೇಲಿನ ಮನೆಯಿಂದ ತಂದ ಏಣಿ. ಆಮೇಲೆ ಯಾವತ್ತೋ ಹಸಿರು ಬಣ್ಣ ಬಳಿದದ್ದು, 'ನನ್ನ ಏಣಿ' ಅಂದದ್ದು.

ಪೇಂಟರು ಏಣಿ ಹೊತ್ತು ಸದ್ದಿಲ್ಲದೆ ಮೆಟ್ಟಿಲು ಹತ್ತಿ, ಲೈನ್‌ಮನ್ನರ ಗೋಡೆಗೆ ಒರಗಿಸಿದರು.

"ಪಂದ್ಯದ್ದು ಬೇಡ ಅಂದೆನಲ್ಲ," ಎಂದರು ಅವರು.

"ಪಂದ್ಯದ್ದಲ್ಲ ಯಜಮಾನ್ರೇ." ಪೇಂಟರು ಹೆಬ್ಬೆರಳಿನಿಂದ ತಂತಿಯ ಮೇಲಿನ ಹಸಿರನ್ನು ಒರೆಸಿದರು. "ಹತ್ತು ನಿಮಿಷಕ್ಕೆ ಅಂತ ತಗೊಂಡು ಹೋಗಿದ್ದೆ. ಸ್ವಲ್ಪ ತಡ ಆಯ್ತು."