ಸ್ಕೋವ್‌ಬಿಯ ನಲವತ್ತಮೂರು ಕೂಸುಗಳು

ಊರಿನ ಶಾಲೆ ಉಳಿಸುವ ಹೊಣೆಯನ್ನು ಥೋರ್ಕಿಲ್ ತಾತನಿಗೆ ಯಾರೂ ಕೊಟ್ಟಿರಲಿಲ್ಲ. ಆದ್ದರಿಂದಲೇ ಅವನು ಅದನ್ನು ಅಷ್ಟು ಬಿಗಿಯಾಗಿ ಹಿಡಿದುಕೊಂಡಿದ್ದ. ಮುಂದಿನ ಆರು ವರ್ಷದಲ್ಲಿ ಶಾಲೆಗೆ ಸೇರುವ ಕೂಸುಗಳು ಹನ್ನೆರಡಾದರೂ ಇಲ್ಲದಿದ್ದರೆ ಬಾಗಿಲಿಗೆ ಬೀಗ ಎಂದು ಪುರಸಭೆ ಬರೆದಿತ್ತು. ಸ್ಕೋವ್‌ಬಿಯಲ್ಲಿ ಇದ್ದದ್ದು ಏಳು. ಅದರಲ್ಲೊಂದು ಅವನ ಮೊಮ್ಮಗಳು ಸಿಗ್ನೆ; ಬೀಗ ಬಿದ್ದರೆ ಅವಳು ದಿನವೂ ಗಂಟೆಗಟ್ಟಲೆ ಬಸ್ಸಿನಲ್ಲಿ ಕುಲುಕಾಡಬೇಕು.

'ಹೊಸದಾಗಿ ಬಂದವರು ನಿಮ್ಮ ದಾಖಲೆಯಲ್ಲಿಲ್ಲ, ಕಣ್ಣಾರೆ ಬಂದು ಎಣಿಸಿ' ಎಂದು ತಾತ ಮಾರುತ್ತರ ಬರೆದ. ಕೂಸುಗಳನ್ನು ತಳ್ಳುಗಾಡಿಯಲ್ಲಿ ಮಲಗಿಸಿ ಬೀದಿಬಾಗಿಲಲ್ಲಿ ನಿದ್ದೆಗೆ ಬಿಡುವುದು ಡೆನ್ಮಾರ್ಕಿನಲ್ಲಿ ಮನೆಮನೆಯ ರೂಢಿ. ಮಲಗಿದ ಕೂಸಿನ ಹೊದಿಕೆ ಎತ್ತಿ ನೋಡುವಷ್ಟು ಅನಾಗರಿಕರು ಆ ದೇಶದಲ್ಲಿ ಇನ್ನೂ ಹುಟ್ಟಿಲ್ಲ. ಅಟ್ಟದಿಂದ ಐದು ಹಳೇ ಗಾಡಿ ಇಳಿಸಿದರೆ ಆಯಿತು!

"ಒಳಗೇನ್ರೀ ಮಲಗಿಸ್ತೀರಿ?" ಎಂದಳು ಹೆಂಡತಿ ಬೋಡಿಲ್.

"ಎಲೆಕೋಸು."

"ಕೋಸಿಗೆ ಮಗ್ಗಿ ಹತ್ತತ್ತಾ?"

"ನಿನ್ನ ತಮ್ಮನಿಗೆ ಹತ್ತಿತ್ತೇನೇ?"

"ಹನ್ನೆರಡಕ್ಕೆ ನಿಲ್ಲಿಸಿ. ಊರೆಲ್ಲ ಡಂಗುರ ಹೊಡೀಬೇಡಿ!"

ತಾತ ಹೊಡೆಯಲಿಲ್ಲ. ಬೇಕರಿಯ ಪ್ರೆಬೆನ್ ಒಬ್ಬನಿಗೆ, ಅದೂ ಆಣೆ ಹಾಕಿಸಿಕೊಂಡು, ಹೇಳಿದ. (ಪ್ರೆಬೆನ್ ಕೂಡ ಎಲ್ಲರಿಂದಲೂ ಆಣೆ ಹಾಕಿಸಿಕೊಂಡೇ ಹೇಳಿದನಂತೆ.)

ಪುರಸಭೆಯ ಅಧಿಕಾರಿಣಿ ವಿಬೆಕೆ ಎಣಿಸಲು ಬಂದ ದಿನ ಬೀದಿಯಲ್ಲಿ ನಾಯಿ ನುಸುಳಲು ಜಾಗವಿರಲಿಲ್ಲ. ಗಾಡಿ, ಗಾಡಿ, ಗಾಡಿ! ಎಂಬತ್ತು ದಾಟಿದ ಕುಮಾರಿ ಎಲ್ನಳ ಬಾಗಿಲಲ್ಲೇ ಮೂರು. ವಿಬೆಕೆ ತುದಿಗಾಲಲ್ಲಿ ನಡೆದು, ಉಸಿರು ಬಿಗಿಹಿಡಿದು, ನಲವತ್ತಮೂರು ಎಣಿಸಿದರು. ಅವರ ಕಣ್ಣು ತುಂಬಿ ಬಂತು. ತಾತ ಮೀಸೆ ತಿರುವಿದ.

"ಎರಡು ಕೋಣೆಯ ಶಾಲೇಲಿ ಇಷ್ಟು ಮಕ್ಕಳನ್ನ ಎಲ್ಲಿ ಕೂರಿಸೋದು, ತಾತ?" ಅಧಿಕಾರಿಣಿ ಪಿಸುಗುಟ್ಟಿದರು. "ಇದನ್ನ ಮುಚ್ಚಿ, ಎಲ್ರನ್ನೂ ಪೇಟೆಯ ದೊಡ್ಡ ಶಾಲೆಗೆ ಸೇರಿಸ್ತೀವಿ. ಈಗ್ಲೇ ಎರಡು ಬಸ್ಸು ಗೊತ್ತುಮಾಡಿದ್ರೆ ಒಳ್ಳೇದು."

ತಾತನ ಮೀಸೆ ಇಳಿಬಿತ್ತು. "ಅಯ್ಯೋ ಮೇಡಂ, ಇವು ಕೂಸಲ್ಲ!"

"ಮತ್ತೇನು?"

"ಕೋಸು! ಬರೀ ಕೋಸು! ನೋಡಿ ಬೇಕಾದ್ರೆ!" ಎಂದವನೇ ಪಕ್ಕದ ಗಾಡಿಯ ಹೊದಿಕೆಯನ್ನು ಸರ್ರನೆ ಕಿತ್ತೆಳೆದ.

ಒಳಗಿದ್ದದ್ದು ಪ್ರೆಬೆನ್‌ನ ಅವಳಿ ಹೆಣ್ಣುಮಕ್ಕಳು. ಇಬ್ಬರೂ ಒಟ್ಟಿಗೆ ಕಣ್ಣು ಬಿಟ್ಟು, ತಾತನನ್ನು ಕಂಡು, ಸಮುದ್ರದಾಚೆಯ ಸ್ವೀಡನ್ನಿಗೂ ಕೇಳುವಂತೆ ಕಿರುಚಿದರು.

ವಿಬೆಕೆ ತಾತನನ್ನು ಸುಡುವಂತೆ ದಿಟ್ಟಿಸಿ, ಚೀಟಿಯಲ್ಲಿದ್ದ ಅಂಕಿ ಹೊಡೆದುಹಾಕಿ, ನಲವತ್ತನಾಲ್ಕು ಎಂದು ಬರೆದುಕೊಂಡರು.