ಅತ್ತೆಯ ಅಜಮಾಸು

ನಮ್ಮ ಅತ್ತೆ ಜೀವಮಾನದಲ್ಲಿ ಒಂದು ಲೆಕ್ಕವನ್ನೂ ತಪ್ಪಿದವರಲ್ಲ. ಯಾಕೆಂದರೆ ಅವರು ಲೆಕ್ಕವನ್ನೇ ಮಾಡಿದವರಲ್ಲ! ಅವರದೇನಿದ್ದರೂ ಅಜಮಾಸು.

ಅಜಮಾಸು ಎಂದರೆ ಅಂದಾಜು, ಹೆಚ್ಚುಕಡಿಮೆ ಎಂಬುದು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ ಸೊಸೆಯಾಗಿ ಬಂದಿದ್ದ ನನಗೂ ಗೊತ್ತಿತ್ತು. ನಾವಿನ್ನೂ ಮುಂಬಯಿ ರಾಜ್ಯದಲ್ಲಿದ್ದ ಆ ಕಾಲಕ್ಕೆ ಜಮಖಂಡಿಯಲ್ಲಿ ಈ ಮಾತಿಲ್ಲದೆ ಯಾರ ದಿನ ಸಾಗುತ್ತಿತ್ತು ಹೇಳಿ? ಹುನ್ನೂರು ಎಷ್ಟು ದೂರವೆಂದರೂ ಅಜಮಾಸು, ಹುಡುಗನ ವಯಸ್ಸೆಷ್ಟು ಎಂದರೂ ಅಜಮಾಸು! ಆದರೆ ಉಳಿದವರು ಒಂದಿಷ್ಟು ಆಚೀಚೆ ಆಗಬಹುದೆಂದು ಒಪ್ಪುತ್ತಿದ್ದರು. ಅತ್ತೆ ಒಪ್ಪುತ್ತಿರಲಿಲ್ಲ.

ಒಮ್ಮೆ ಮಹಾಲಿಂಗಪುರಕ್ಕೆ ಹೋಗಬೇಕಿತ್ತು. ಗಡಿಯಾರ ಬಿಟ್ಟು ಅಂಗಳದ ಬಿಸಿಲು ನೋಡಿ ಹೊರಡಿಸಿದರು. ನಾವು ಸ್ಟ್ಯಾಂಡು ಮುಟ್ಟಿದಾಗ ಉಳಿದಿದ್ದು ಬಸ್ಸಿನ ಧೂಳು.

“ಬಸ್ಸ ಹೋತಲ್ರೀ ಅತ್ತಿ!”

“ನನ್ನ ಅಜಮಾಸ ಬರೋಬ್ಬರಿ ಐತಿ. ಬಸ್ಸಿಗೇ ಗಡಬಡಿ ಭಾಳ!”

ಇನ್ನೊಮ್ಮೆ ನನಗೊಂದು ಕುಬಸ ಹೊಲಿದರು. ಬಾಗಿಲಲ್ಲಿ ನಿಂತಿದ್ದ ನನ್ನನ್ನು ಒಮ್ಮೆ ಮೇಲಿನಿಂದ ಕೆಳಗೆ ನೋಡಿದ್ದೇ ಅಳತೆ. ತೊಟ್ಟರೆ ಒಳಗೆ ಇನ್ನೊಬ್ಬಳಿಗೂ ಜಾಗವಿತ್ತು! ಅತ್ತೆ ಕದಲಲಿಲ್ಲ. “ಕುಬಸ ಸರಿ ಐತಿ. ನೀನ ಇನ್ನ ಮೈ ತುಂಬಬೇಕು. ಛಲೋತಂಗ ಉಣ್ಣು.”

ಇಂಥವರ ಹತ್ತಿರ ಅಡುಗೆ ಕಲಿಯುವುದೆಂದರೆ ತಮಾಷೆಯೇ?

“ಉಪ್ಪ ಎಷ್ಟ ಹಾಕ್ಲಿರೀ?”

“ಅಜಮಾಸ ಹಾಕು.”

“ಅಂದ್ರ ಎಷ್ಟರೀ?”

“ಸಾಕು ಅನಸೂತನಕ!”

ಯಾರಿಗೆ ಅನಿಸಬೇಕು, ನನಗೋ ಉಪ್ಪಿಗೋ? ಕಾಡಿ ಬೇಡಿ ಕೇಳಿದ ಮೇಲೆ ತಮ್ಮ ಅಗಲವಾದ ಕೈ ಚಾಚಿ, “ಅಂಗೈ ತುಂಬ” ಎಂದರು.

ಹೀಗಿರುವಾಗ ಮುಧೋಳದಿಂದ ನಮ್ಮ ಮಾವನವರ ಅಕ್ಕ ಬಂದರು. ಹೊಸ ಸೊಸೆಯ ಅಡುಗೆಗೆ ಅವರು ಒಮ್ಮೆ ಹೆಸರಿಟ್ಟರೆ ಮುಗಿಯಿತು, ಅದು ಊರೂರು ತಿರುಗಿ ತವರಿಗೂ ಮುಟ್ಟುತ್ತಿತ್ತು. ಬೀಳಗಿಯ ಸೊಸೆಯೊಬ್ಬಳು ಒಂದು ದಿನ ಬೇಳೆ ಬೇಯದ್ದಕ್ಕೆ ಮೊಮ್ಮಕ್ಕಳಾದ ಮೇಲೂ ‘ಹಸಿಬ್ಯಾಳಿ’ಯಾಗಿಯೇ ಉಳಿದಿದ್ದಳು! ನನಗೇನು ಹೆಸರು ಕಾದಿದೆಯೋ!

ಅಂದು ಹೋಳಿಗೆ ಅತ್ತೆಯದು, ಕಟ್ಟಿನ ಸಾರು ನನ್ನದು. ಅಂಗೈ ತುಂಬ ಉಪ್ಪು ಹಾಕಿದೆ. ಆಮೇಲೆ, ನನ್ನ ಅಂಗೈ ಅತ್ತೆಯದಕ್ಕಿಂತ ಸಣ್ಣದಲ್ಲವೇ ಎಂದು ಹೊಳೆಯಿತು. ಮುಲ್ಕಿ ಪಾಸಾದ ತಲೆ ನೋಡಿ! ಇನ್ನೊಂದು ಅಂಗೈ ಸುರಿದೆ. ನೈವೇದ್ಯಕ್ಕೆ ಮುಂಚೆ ರುಚಿ ನೋಡುವ ಹಾಗಿರಲಿಲ್ಲ.

ಎಲೆಯ ಮುಂದೆ ಕೂತ ಮುಧೋಳದವರು ಮೊದಲ ತುತ್ತಿಗೇ ಮುಖ ಕಿವುಚಿದರು.

“ಸಾರು ಯಾರ ಮಾಡ್ಯಾರ?”

ಒಲೆಯ ಹತ್ತಿರ ನಿಂತಿದ್ದ ನಾನು ಅತ್ತೆಯ ಕಡೆ ನೋಡಿದೆ. ಬಡಿಸುತ್ತಿದ್ದ ಅತ್ತೆ ನನ್ನ ಮುಖವನ್ನು ಒಮ್ಮೆ ನೋಡಿದರು, ಅಷ್ಟೇ.

“ನಾನ ಮಾಡೇನ್ರೀ ಅಕ್ಕಾರ. ಇವತ್ತ ನನ್ನ ಅಜಮಾಸ ತಪ್ಪೇತಿ.”

ಮಾವನವರು ತುತ್ತು ಬಿಟ್ಟು ಹೆಂಡತಿಯನ್ನೇ ನೋಡಿದರು. ಇಷ್ಟು ವರ್ಷ ಸಂಸಾರ ಮಾಡಿದ ಅವರೂ ಆ ಮಾತು ಕೇಳಿರಲಿಲ್ಲ. ಮುಧೋಳದವರು ಸಾರಿನ ಮಾತು ಬಿಟ್ಟು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು.

ಅತ್ತೆ ಒಳಗೆ ಬಂದು ಸಾರಿಗೆ ಬಿಸಿನೀರು ಬೆರೆಸತೊಡಗಿದರು. ಹೆತ್ತ ತಾಯಿಯ ಮೇಲೂ ಅಷ್ಟು ಪ್ರೀತಿ ನನಗೆ ಒಮ್ಮೆಲೇ ಉಕ್ಕಿರಲಿಲ್ಲ. ಅವರ ಪಕ್ಕದಲ್ಲೇ ನಿಂತು ಅತ್ತುಬಿಟ್ಟೆ. ಅವರು ತಮ್ಮ ಸೆರಗಿನಿಂದ ನನ್ನ ಕಣ್ಣೊರೆಸಿ, ಮೆಲ್ಲಗೆ ಗದರಿದರು:

“ಆಚೆ ಸರಿದು ಅಳ ಹುಚ್ಚಿ. ಸಾರಿಗೆ ಮೊದಲ ಉಪ್ಪ ಭಾಳ ಆಗೇತಿ.”