ಬಾಡಿಗೆಯ ಅನಾನಸ್

ಪಕ್ಕದ ಮನೆಯ ಸಕ್ಕರೆ ವ್ಯಾಪಾರಿ ಟ್ರಾಟರ್ ಹೋದ ತಿಂಗಳು ತನ್ನ ಊಟದ ಮೇಜಿನ ನಡುವೆ ಒಂದು ಅನಾನಸ್ ಇಟ್ಟಿದ್ದೇ ಎಲ್ಲ ರಾಮಾಯಣಕ್ಕೂ ಕಾರಣ. ಅಂದಿನಿಂದ ಗುಮಾಸ್ತ ಸೈಲಸ್ ಪಿಮ್‌ನ ಹೆಂಡತಿ ಡಾರ್ಕಸ್‌ಗೆ ಕುರಿಮಾಂಸ ರುಚಿಸಲಿಲ್ಲ, ಪಿಮ್‌ಗೆ ನಿದ್ದೆ ಹತ್ತಲಿಲ್ಲ. ಆ ಕಾಲದ ಬ್ರಿಸ್ಟಲ್‌ನಲ್ಲಿ, ಹಡಗೇರಿ ಬರುವ ಆ ಹಣ್ಣಿಗೆ ಚಿನ್ನದ ಬೆಲೆ; ಮೇಜಿನ ಮೇಲೆ ಅನಾನಸ್ ಇಟ್ಟವನೇ ದೊಡ್ಡ ಮನುಷ್ಯ. ಉಳಿದವರು ವಿಗ್ಗಿಗೆ ಎಷ್ಟು ಪುಡಿ ಬಳಿದುಕೊಂಡರೂ ಗುಮಾಸ್ತರೇ.

ಇಂದು ಮಧ್ಯಾಹ್ನ ಧಣಿ, ವಕೀಲ ಥಾರ್ನ್‌ಬರಿ ಊಟಕ್ಕೆ ಬರುವವರಿದ್ದರು. ಕಚೇರಿಯಲ್ಲಿ ಹಿರಿಯ ಗುಮಾಸ್ತನ ಜಾಗ ಖಾಲಿಯಿತ್ತು. ಪಿಮ್ ಬೆಳಗ್ಗೆಯೇ ಹಣ್ಣಿನಂಗಡಿಯ ಹಿಂಬಾಗಿಲಿಗೆ ಓಡಿದ.

"ಬಾಡಿಗೆ ಹಣ್ಣು ನೋಡೋಕೆ ಮಾತ್ರ, ಸ್ವಾಮಿ," ಎಂದ ಅಂಗಡಿಯವನು. "ಚಾಕು ತಾಗ್ತೋ, ನಿಮ್ಮ ಒಂದು ವರ್ಷದ ಸಂಬಳ ಇಲ್ಲಿ ತಂದಿಡ್ಬೇಕು."

ಪಿಮ್ ಅದನ್ನು ಹಸುಗೂಸಿನಂತೆ ಎದೆಗವಚಿಕೊಂಡು ನಡೆದ. ಬೀದಿಯ ಕಿಟಕಿಗಳೆಲ್ಲ ತೆರೆದವು. ಬಾಗಿಲಲ್ಲೇ ಟ್ರಾಟರ್‌ನ ಹೆಂಡತಿ ಸಿಕ್ಕಳು.

"ಅಯ್ಯೋ, ಅನಾನಸ್! ನಮ್ಮನ್ನ ಕರೀಲೇ ಇಲ್ವಲ್ಲಾ ಪಿಮ್ ಅವ್ರೇ? ಇರ್ಲಿ ಬಿಡಿ, ನಾನೇ ಬರ್ತೀನಿ."

ಬಂದೇಬಿಟ್ಟಳು. ಥಾರ್ನ್‌ಬರಿ ಸಾರೋಟಿನಿಂದ ಇಳಿದು, ಕೂತು, ಮೇಜಿನ ಮೇಲಿನ ಹಣ್ಣನ್ನು ನೋಡಿದವರೇ ಸೂಪು ಗಂಟಲಲ್ಲಿ ಸಿಕ್ಕಿ ಕೆಮ್ಮಿದರು. ಬೆರಗಾಗಿದ್ದಾರೆ ಎಂದುಕೊಂಡು ಪಿಮ್ ಒಳಗೊಳಗೇ ಹಿಗ್ಗಿದ.

"ಇನ್ನು ಕತ್ತರಿಸೋಣ್ವಾ?" ಎಂದಳು ಮಿಸೆಸ್ ಟ್ರಾಟರ್, ಮಾಂಸ ಮುಗಿಯುತ್ತಲೇ.

"ಇನ್ನೂ ಕಾಯಿ ಅದು," ಎಂದ ಪಿಮ್.

"ಘಮ ಬಾಗಿಲ ತನಕ ಬರ್ತಿದೆ!"

"ಇವರಿಗೆ ಡಾಕ್ಟ್ರು ಹುಳಿ ಬೇಡ ಅಂದಿದ್ದಾರೆ," ಎಂದಳು ಡಾರ್ಕಸ್, ಬೆವರೊರೆಸುತ್ತ.

"ಅವ್ರು ತಿನ್ನೋದು ಬೇಡ. ನಾವು ತಿನ್ನೋಣ."

ಮಿಸೆಸ್ ಟ್ರಾಟರ್ ಚಾಕು ಎತ್ತಿಯೇಬಿಟ್ಟಳು. ಪಿಮ್‌ನ ಒಂದು ವರ್ಷ ಆ ಚಾಕುವಿನ ತುದಿಯಲ್ಲಿತ್ತು.

"ತಡೀರಮ್ಮಾ!" ಥಾರ್ನ್‌ಬರಿ ಹಣ್ಣನ್ನು ಸೆಳೆದು ಮಡಿಲಿಗೆ ಹಾಕಿಕೊಂಡರು. "ಸಕ್ಕರೆ ವ್ಯಾಪಾರಿ ಹೆಂಡ್ತಿಯಾಗಿ, ಸಕ್ಕರೆ ಇಲ್ದೆ ಅನಾನಸ್ ತಿಂತೀರಾ? ಹೋಗಿ, ಒಂದು ಬಟ್ಟಲು ತನ್ನಿ."

ಅವಳು ಓಡಿದಳು. ಪಿಮ್‌ಗೆ ಹೋದ ಜೀವ ಬಂದಂತಾಯಿತು. "ಧಣೀ, ನನ್ನ ಮಾನ ಉಳಿಸಿದ್ರಿ!"

"ನಿನ್ನ ಮಾನ ಯಾರಿಗೆ ಬೇಕಯ್ಯಾ?" ಥಾರ್ನ್‌ಬರಿ ಪಿಸುಗುಟ್ಟಿದರು. "ನಾಳೆ ನಮ್ಮನೆಗೆ ನ್ಯಾಯಾಧೀಶರು ಊಟಕ್ಕೆ ಬರ್ತಾರೆ. ಇಡೀ ಊರಿಗೆ ಬಾಡಿಗೆಗೆ ಸಿಗೋದು ಇದೊಂದೇ ಹಣ್ಣು. ನಾನು ಮುಂಗಡ ಕೊಟ್ಟಾಗಿದೆ."

ಪಿಮ್‌ನ ಮುಖ ಅರಳಿತು. ಧಣಿಯ ಗುಟ್ಟು ತನ್ನ ಕೈಯಲ್ಲಿ! "ಹಾಗಾದ್ರೆ ಆ ಹಿರಿಯ ಗುಮಾಸ್ತನ ಜಾಗ..."

"ನಿನ್ನ ಪಕ್ಕದ ಮೇಜಿನ ಗುಮಾಸ್ತ ಹಾಬ್ಸ್‌ಗೆ ಕೊಡ್ತೀನಿ. ನಿನ್ನೆ ನನ್ನನ್ನ ಊಟಕ್ಕೆ ಕರೆದು ಬರೀ ಬೇಯಿಸಿದ ಎಲೆಕೋಸು ಹಾಕಿದ. ನಂಬಬಹುದಾದ ಮನುಷ್ಯ."

"ಆದ್ರೆ ಧಣೀ, ತಾವೂ ಬಾಡಿಗೆ ಹಣ್ಣೇ ತರೋರು!"

"ಅದಕ್ಕೇ ಹೇಳ್ತಿರೋದು. ಬಾಡಿಗೆ ಹಣ್ಣಿಟ್ಟು ಮೆರೆಯೋನ ಬುದ್ಧಿ ಎಂಥದು ಅಂತ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥೋನ ಕೈಗೆ ತಿಜೋರಿ ಕೊಡ್ತೀನಾ?"

ಹಣ್ಣನ್ನು ಕೋಟಿನೊಳಗೆ ಸೇರಿಸಿಕೊಂಡು ಅವರು ಸಾರೋಟು ಹತ್ತಿದರು.

ಮಿಸೆಸ್ ಟ್ರಾಟರ್ ಏದುಸಿರು ಬಿಡುತ್ತ ಸಕ್ಕರೆ ತಂದಾಗ ಮೇಜಿನ ಮೇಲೆ ಖಾಲಿ ತಟ್ಟೆ ಮಾತ್ರ ಇತ್ತು. ಅವಳು ತಟ್ಟೆ ನೋಡಿದಳು, ಪಿಮ್‌ನನ್ನು ನೋಡಿದಳು, ಆಮೇಲೆ ಇಡೀ ಬೀದಿಗೆ ಕೇಳುವಂತೆ ಕೂಗಿದಳು:

"ನನಗೊಂದು ಹೋಳೂ ಇಡದೆ, ಸಿಪ್ಪೆ ಸಮೇತ ನುಂಗಿಬಿಟ್ರಲ್ರೀ!"